ಹ್ಯೂಬರ್ಟ್ ಮೋನಿಸರ ಸ್ಪಾನ್ಸರ್ ಕಾಲಂ

ಹ್ಯೂಬರ್ಟ್ ಮೋನಿಸರು ಐವತ್ತಾರು ವರ್ಷಗಳಲ್ಲಿ ಒಂದೇ ಒಂದು ಗುಂಡು ಹಾರಿಸಿದವರಲ್ಲ. ‘ನನಗೆ ಗುಂಡು ಹಾರಿಸಲೂ ಬರುವುದಿಲ್ಲ, ಗುಂಡು ಹಾಕಲೂ ಬರುವುದಿಲ್ಲ’ ಎಂದು ಹೇಳಿ, ಕೇಳಿದವರು ನಗುವ ಮೊದಲೇ ತಾವು ನಕ್ಕು ಮುಗಿಸುತ್ತಿದ್ದರು. ಆದರೂ ದುಬೈಯ ಅಲ್ ನಹ್ದಾದ ಅವರ ಫ್ಲ್ಯಾಟಿನಲ್ಲಿ, ಬಟ್ಟೆ ಕಪಾಟಿನ ಮೇಲಿನ ಮೂರು ಶೂ ಡಬ್ಬಿಗಳೊಳಗೆ ಇನ್ನೂರ ಹನ್ನೆರಡು ಮಂದಿ ಕೋವಿ ತಯಾರಕರಿದ್ದರು. ಎಲ್ಲರೂ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷರು, ಎಲ್ಲರೂ ಸತ್ತವರು, ಒಬ್ಬೊಬ್ಬರಿಗೆ ಒಂದೊಂದು ಹಳದಿ ಕಾರ್ಡು.

2014ರ ಜನವರಿ 19, ಭಾನುವಾರ, ಆ ಸತ್ತವರಲ್ಲಿ ಒಬ್ಬ ಎದ್ದು ಬಂದು ಹ್ಯೂಬರ್ಟರ ವೀಸಾದ ಮೇಲೆ ಕೂತ.

‘ಕೂತ್ಕೊಳ್ಳಿ ಪೊರ್ಬುಗಳೇ’ ಎಂದರು ಮ್ಯಾನೇಜರ್ ಸರ್ವೋತ್ತಮ ಆಳ್ವರು. ಊರಿನಲ್ಲಿ ತುಳುವರು ಕ್ರಿಶ್ಚಿಯನರನ್ನು ಕರೆಯುವ ಮರ್ಯಾದೆಯ ಹೆಸರನ್ನು ಆಳ್ವರು ದೇರಾದ ಆಫೀಸಿನ ತನಕ ತಂದಿದ್ದರು. ಆದರೆ ಕೂರಲು ಹೇಳುತ್ತಿದ್ದುದು ಕೆಟ್ಟ ಸುದ್ದಿಗೆ ಮಾತ್ರ. ಒಳ್ಳೆಯ ಸುದ್ದಿಯನ್ನು ನಿಂತವರಿಗೇ ಹೇಳಿ ಕಳಿಸುವುದು ಅವರ ಕ್ರಮ.

ಕಂಪನಿಯ ಕೆಲಸ ಹಳೆಯ ಸಾಮಾನುಗಳ ಪಟ್ಟಿ ಮಾಡಿ, ಇಂಥದ್ದು ಇಂಥ ಕಾಲದ್ದು ಎಂದು ಸರ್ಟಿಫಿಕೇಟ್ ಕೊಡುವುದು. ಹ್ಯೂಬರ್ಟರು ಅಲ್ಲಿ ಇಪ್ಪತ್ತೊಂದು ವರ್ಷದಿಂದ ಇದ್ದರು. ಮೊದಲು ಸಿಬ್ಬಂದಿಯ ವೀಸಾ ಫಾರಂ ತುಂಬಿಸುವವರು, ಆಮೇಲೆ ರತ್ನಗಂಬಳಿ, ಪೆಟಾರಿ, ಗಡಿಯಾರಗಳ ಪಟ್ಟಿ ಬರೆಯುವವರು. ಅವರ ಹುಚ್ಚು ಗೊತ್ತಾದ ಮೇಲೆ ಹಳೆಯ ಕೋವಿಗಳೂ ಅವರ ಮೇಜಿಗೇ ಬರತೊಡಗಿದವು.

‘ಅಬುಧಾಬಿಯ ಖಲ್ಫಾನ್ ಹಾಜಿಯ ಕೋವಿ ನೆನಪುಂಟಾ?’

‘ಉಂಟು ಸರ್. ಅಕ್ಟೋಬರಿನಲ್ಲಿ ನೋಡಿದ್ದು. ಜೋಡುನಳಿಗೆ, ಕೇಪಿನ ಕೋವಿ. ನಳಿಗೆಗಳ ನಡುವಿನ ಪಟ್ಟಿಯಲ್ಲಿ ಹ್ಯಾಡ್ಲೋ, 23, ಟ್ರಿಂಡಲ್ ಬೀದಿ, ಬರ್ಮಿಂಗ್‌ಹ್ಯಾಂ ಅಂತ ಕೆತ್ತಿದೆ. ಮಾಡಿದವ ಜೋಸಯಾ ಹ್ಯಾಡ್ಲೋ.’

‘23ನೇ ನಂಬರಿಗೆ ಅವರ ಅಂಗಡಿ ಬಂದದ್ದು ಯಾವಾಗ?’

‘1863. ಅದಕ್ಕೆ ಮೊದಲು ಅದೇ ಬೀದಿಯಲ್ಲಿ 11ನೇ ನಂಬರು. ಆ ಕಾಲದ ವ್ಯಾಪಾರಿಗಳ ಡೈರೆಕ್ಟರಿಯಲ್ಲಿ ಸ್ಪಷ್ಟ ಉಂಟು.’

‘ನಿಮ್ಮ ಜೋಸಯಾ ಸತ್ತದ್ದು?’

‘1872.’

ಆಳ್ವರು ಒಂದು ಕಾಗದವನ್ನು ತಿರುಗಿಸಿ ಮುಂದೆ ತಳ್ಳಿದರು. ಲಂಡನ್ನಿನ ತಜ್ಞರೊಬ್ಬರ ಈಮೇಲು. ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ಹಳೆಯ ಮನೆತನಗಳ ವಸ್ತುಗಳ ಪ್ರದರ್ಶನವೊಂದಿತ್ತು. ಹಾಜಿಯ ಕೋವಿ ಅದಕ್ಕೆ ಹೋಗಬೇಕಿತ್ತು, ಕಾಗದಪತ್ರ ತಪಾಸಣೆಗೆ ಈ ತಜ್ಞರ ಕೈ ಸೇರಿತ್ತು.

‘1862’ ಎಂದರು ಆಳ್ವರು. ‘ಸಾವಿನ ದಾಖಲೆಯ ನಕಲೂ ಹಾಕಿದ್ದಾನೆ. ನಿಮ್ಮ 1872ರವ ಬೇರೆ ಜೋಸಯಾ ಹ್ಯಾಡ್ಲೋ, ಬಡಗಿಯಂತೆ. ಅಂದರೆ ಎಂತ ಆಯ್ತು ಮಾರಾಯ್ರೆ? ನಿಮ್ಮವ ಸತ್ತು ಒಂದು ವರ್ಷ ಗುಂಡಿಯಲ್ಲಿ ಮಲಗಿ, ಆಮೇಲೆ ಎದ್ದು ಹೊಸ ಅಂಗಡಿ ಹಾಕಿದ.’

ಹ್ಯೂಬರ್ಟರು ಈಮೇಲನ್ನು ಎರಡು ಸಲ ಓದಿದರು. ಹೆಸರನ್ನು ಯಾವುದೋ ಬಜಾರಿನಲ್ಲಿ ಆಮೇಲೆ ಕೆತ್ತಿಸಿರಬೇಕು, ಕೋವಿ ನಂಬಲರ್ಹವಲ್ಲ ಎಂದು ತಜ್ಞರು ಬಹಳ ವಿನಯದಿಂದ ಬರೆದಿದ್ದರು.

‘ಹಾಜಿ ಏನಂದರು?’

‘ನನ್ನ ಅಜ್ಜನ ಕೋವಿ ಸುಳ್ಳೋ, ನಿಮ್ಮ ಮನುಷ್ಯ ಸುಳ್ಳೋ ಅಂತ ಕೇಳಿದರು. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಉತ್ತರ ಬೇಕಂತೆ, ಅವರ ಮನೆಯಲ್ಲೇ. ಉತ್ತರ ಇಲ್ಲದಿದ್ದರೆ ಮಾಲಕರ ಹುಕುಂ ಬಂದಾಗಿದೆ. ಖಲಾಸ್. ಕ್ಯಾನ್ಸಲ್.’

ಕೊಲ್ಲಿಯಲ್ಲಿ ಈ ಪದಕ್ಕೆ ವಿವರಣೆ ಬೇಡ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದ ಮೇಲೆ ಊರಿಗೆ ಹೊರಡಲು ಮೂವತ್ತು ದಿನ. ಹ್ಯೂಬರ್ಟರ ವೀಸಾಕ್ಕೆ ಅಂಟಿಕೊಂಡಿದ್ದದ್ದು ಮಗಳು ಕ್ಯಾರೊಲಿನಳ ವೀಸಾ. ಅವಳು ಊದ್ ಮೇಥಾದ ಶಾಲೆಯಲ್ಲಿ ಹನ್ನೆರಡನೇ ತರಗತಿ, ಬೋರ್ಡ್ ಪರೀಕ್ಷೆ ಮಾರ್ಚ್ ಒಂದಕ್ಕೆ ಶುರು. ಹ್ಯೂಬರ್ಟರು ಮೆಟ್ರೋದಲ್ಲಿ ಬೆರಳು ಮಡಚಿ ಎಣಿಸಿದರು. ಜನವರಿ 23ರಿಂದ ಮೂವತ್ತು ದಿನವೆಂದರೆ ಫೆಬ್ರವರಿ 22. ಒಂದು ವಾರ ಕಡಿಮೆ. ಹೇಗೂ ಚಿಕ್ಕದಾದ ಫೆಬ್ರವರಿಯಿಂದ ಇನ್ನೊಂದು ವಾರ ಕಡಿಮೆ ಮಾಡಬಾರದಿತ್ತೇ ಎಂದು ಕ್ಯಾಲೆಂಡರ್ ಮಾಡಿದ ಪೋಪರ ಮೇಲೂ ಸಿಟ್ಟು ಬಂತು.

ಈ ಮನುಷ್ಯನಿಗೆ ಕೋವಿಯ ಹುಚ್ಚು ಹತ್ತಿಸಿದ್ದು ಒಬ್ಬ ಪೊಲೀಸ್ ಪೇದೆ. ಹ್ಯೂಬರ್ಟರ ತಂದೆಗೆ ಶಿರ್ವದ ಹತ್ತಿರ ಸ್ವಲ್ಪ ಗದ್ದೆ, ಹಂದಿ ಓಡಿಸಲು ಒಂದು ಲೈಸನ್ಸಿನ ಕೋವಿ. ಚುನಾವಣೆ ಬಂತೆಂದರೆ ಲೈಸನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. 1971ರಲ್ಲಿ ಹಾಗೆ ಇಟ್ಟು ಬಂದರು. ಮತ ಎಣಿಕೆ ಮುಗಿದು ಬಿಡಿಸಿಕೊಳ್ಳಲು ಹೋದರೆ ಪೇದೆ ರಿಜಿಸ್ಟರ್ ತೆರೆದು ತಲೆಯಾಡಿಸಿದ.

‘ಇದು ನಿಮ್ಮದಲ್ಲವಲ್ಲ. ಡಬ್ಲ್ಯೂ. ಪ್ರೆಂಡರ್ಗಸ್ಟ್ ಅಂತ ಉಂಟು. ಅವರನ್ನೇ ಕಳಿಸಿ.’

ಕೋವಿಯ ಮೇಲೆ ಕೆತ್ತಿದ್ದ ಹೆಸರನ್ನು ಆ ಪುಣ್ಯಾತ್ಮ ಮಾಲಕರ ಕಾಲಂನಲ್ಲಿ ಬರೆದಿದ್ದ.

‘ಅವರು ಕೋವಿ ಮಾಡಿದವರು ಸ್ವಾಮೀ, ಇಂಗ್ಲೆಂಡಿನವರು. ಸತ್ತು ನೂರು ವರ್ಷ ಆಗಿರಬೇಕು.’

‘ಸತ್ತದ್ದಕ್ಕೆ ಸರ್ಟಿಫಿಕೇಟ್ ತನ್ನಿ.’

ಕೋವಿ ಮನೆಗೆ ಬರಲು ಇಪ್ಪತ್ತೆರಡು ದಿನ ಮತ್ತು ಇಗರ್ಜಿಯ ವಿಗಾರರ ಒಂದು ಪತ್ರ ಬೇಕಾಯಿತು. ತಂದೆ ಮರೆತರು. ಹದಿಮೂರು ವರ್ಷದ ಹ್ಯೂಬರ್ಟ್ ಮರೆಯಲಿಲ್ಲ. ಯಾರಪ್ಪ ಈ ಪ್ರೆಂಡರ್ಗಸ್ಟ್, ಸತ್ತದ್ದು ಎಂದು? ಇಂಟರ್ನೆಟ್ಟಿನಲ್ಲಿ ಇಂಗ್ಲೆಂಡಿನ ಹಳೆಯ ದಾಖಲೆಗಳು ಕಾಣಿಸತೊಡಗಿದಾಗ, ಅಂದರೆ ಮೂವತ್ತೈದು ವರ್ಷದ ಮೇಲೆ, ದುಬೈಯಲ್ಲಿ ಕೂತು ಆ ಸಾವಿನ ಸರ್ಟಿಫಿಕೇಟನ್ನು ನಿಜವಾಗಿಯೂ ತರಿಸಿದರು. ಪ್ರಿಂಟ್ ತೆಗೆದು ತಂದೆಯ ಫೋಟೋದ ಹಿಂದೆ ಸಿಕ್ಕಿಸಿದರು. ಅಲ್ಲಿಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ.

ಶುಕ್ರವಾರ ರಜೆ. ಬೆಳಗ್ಗೆ ಇಗರ್ಜಿಯ ಪೂಜೆ ಮುಗಿಸಿ ಬಂದು ಅವರು ಲ್ಯಾಪ್‌ಟಾಪ್ ತೆರೆಯುತ್ತಿದ್ದರು. ಹತ್ತು ವರ್ಷಕ್ಕೊಮ್ಮೆ ಆದ ಜನಗಣತಿಯ ಹಾಳೆಗಳು, ಬೀದಿ ಬೀದಿಯ ಅಂಗಡಿ ಪಟ್ಟಿ, ಇಗರ್ಜಿಗಳ ಜ್ಞಾನಸ್ನಾನ, ಮದುವೆ, ಮರಣದ ದಫ್ತರಗಳು. ಕೋವಿಯ ಮೇಲಿನ ವಿಳಾಸ ಹಿಡಿದು ಆ ಅಂಗಡಿ ಅಲ್ಲಿ ಎಷ್ಟರಿಂದ ಎಷ್ಟರ ತನಕ ಇತ್ತೆಂದು ನೋಡಿದರೆ ಕೋವಿಯ ವಯಸ್ಸು ಸಿಗುತ್ತದೆ. ಹೆಸರು ಹಿಡಿದು ಹೋದರೆ ಮನುಷ್ಯ ಸಿಗುತ್ತಾನೆ: ಎಲ್ಲಿ ಕೆಲಸ ಕಲಿತ, ಯಾರ ಮಗಳನ್ನು ಮದುವೆಯಾದ, ಯಾಕೆ ಬೀದಿ ಬದಲಿಸಿದ. ಸಿಕ್ಕಿದ್ದನ್ನು ಕಾರ್ಡಿಗೆ ಇಳಿಸುವ ಕ್ರಮ ಮಾತ್ರ ಅವರದೇ. ವರ್ಷಗಟ್ಟಲೆ ವೀಸಾ ಫಾರಂ ತುಂಬಿಸಿದ ಕೈ. ಕಾರ್ಡಿನ ಮೇಲೆ ‘ಸ್ಪಾನ್ಸರ್’, ಅಂದರೆ ಮನೆಯವರ ವೀಸಾಕ್ಕೆ ಹೊಣೆಯಾದವ, ಎಂದು ಒಂದು ಕಾಲಂ, ಅಲ್ಲಿ ಕೋವಿ ತಯಾರಕ. ಅಡಿಯಲ್ಲಿ ಗೆರೆ. ಗೆರೆಯ ಕೆಳಗೆ ‘ಡಿಪೆಂಡೆಂಟ್’, ಅಲ್ಲಿ ಹೆಂಡತಿ, ಮಕ್ಕಳು, ವಯಸ್ಸಾದ ಅತ್ತೆ. ಬರ್ಮಿಂಗ್‌ಹ್ಯಾಂನ ಇನ್ನೂರ ಹನ್ನೆರಡು ಸಂಸಾರಗಳು ತಮಗೇ ಗೊತ್ತಿಲ್ಲದೆ ಎಮಿರೇಟ್ಸಿನ ಕಾನೂನಿನಡಿ ಬಾಳಿದ್ದವು.

ಇದನ್ನು ಬರೆಯುವ ನನಗೆ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಂತರ ಪಟ್ಟಿ ಉರು ಹೊಡೆಸಿದ ಪುಣ್ಯದಿಂದ ಒಂದು ಮಾತು ಹೇಳಬಲ್ಲೆ. ಸಂತ ಹ್ಯೂಬರ್ಟ್ ಬೇಟೆಗಾರರ ಪಾಲಕ, ಸಂತ ಅಪೊಲೊನಿಯಾ ಹಲ್ಲುನೋವಿನವರ ಪಾಲಕಿ. ಹ್ಯೂಬರ್ಟರ ಹೆಂಡತಿಯ ಹೆಸರು ಅಪೊಲೊನಿಯಾ, ದೊಡ್ಡ ಕ್ಲಿನಿಕ್ಕೊಂದರ ಹಲ್ಲಿನ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸು, ಈಗ ಹೆಡ್ ನರ್ಸು. ಎಲ್ಲರೂ ಅವರನ್ನು ‘ಬಾಯಿ’ ಎನ್ನುತ್ತಿದ್ದರು, ಹಲ್ಲಿನ ವಿಭಾಗಕ್ಕೆ ಅದಕ್ಕಿಂತ ಒಪ್ಪುವ ಗೌರವ ಇಲ್ಲ. ಮನೆಯಲ್ಲಿ ಮದ್ದು ಅವರ ಖಾತೆ, ಗುಂಡು ಗಂಡನ ಖಾತೆ.

ಭಾನುವಾರ ಸಂಜೆ ಹ್ಯೂಬರ್ಟರು ವಿಷಯ ಹೇಳಿದಾಗ ಅಪೊಲೊನಿಯಾ ಬಾಯಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು. ಮಾತು ಕೊಂಕಣಿಯಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಕ್ಲಿನಿಕ್‌ನಲ್ಲಿ ಒಂದು ಮಾತು ಕೇಳಿ ನೋಡಲಾ?’

‘ಬೇಡ. ನನಗೆ ಅಲ್ಲಿ ಎಂತ ಕೆಲಸ? ಹಲ್ಲು ಎಣಿಸುವುದಾ?’

‘ನಾನು ಹೇಳುವುದು ಅದಲ್ಲ…’

‘ಬೇಡ ಅಂದೆನಲ್ಲ. ನಾನು ನೋಡಿಕೊಳ್ತೇನೆ.’

ಇಸ್ತ್ರಿಪೆಟ್ಟಿಗೆ ಒಮ್ಮೆ ಬುಸ್ ಎಂದಿತು.

ಸೋಮವಾರ ಆಫೀಸಿನಲ್ಲಿ ಹ್ಯೂಬರ್ಟರು ಊಟ ಬಿಟ್ಟು ಹುಡುಕಿದರು. ಜೋಸಯಾನಿಗೆ ತಮ್ಮ ಇದ್ದನೇ? ಇದ್ದ, ಆಸ್ಟ್ರೇಲಿಯಾಕ್ಕೆ ಹೋಗಿದ್ದ. ಮಗ? ದೊಡ್ಡವನಿಗೆ ಆಗ ಹನ್ನೊಂದು ವರ್ಷ. 1871ರ ಜನಗಣತಿಯಲ್ಲಿ ಹ್ಯಾಡ್ಲೋ, ಪುರುಷ, ಕೋವಿ ತಯಾರಕ ಎಂದು ಹಾಕಿದರೆ ಬರ್ಮಿಂಗ್‌ಹ್ಯಾಂ ಇಡೀ ಅರಬ್ಬಿಯವರ ಹಾಗೆ ‘ಮಾಫಿ’, ಇಲ್ಲ, ಎಂದಿತು. ಹತ್ತಿರದ ಊರುಗಳೂ ಮಾಫಿ. ಅಂಗಡಿ ಮಾತ್ರ ಡೈರೆಕ್ಟರಿಯಲ್ಲಿ 1869ರ ತನಕ ವರ್ಷ ವರ್ಷ ಇತ್ತು: ಹ್ಯಾಡ್ಲೋ, ಕೋವಿ ತಯಾರಕರು, 23, ಟ್ರಿಂಡಲ್ ಬೀದಿ. ಮನುಷ್ಯನಿಲ್ಲದ ಅಂಗಡಿ.

ಸಂಜೆ ಮನೆಗೆ ಬಂದರೆ ಕ್ಯಾರೊಲಿನ್ ಕೆಮಿಸ್ಟ್ರಿ ಪುಸ್ತಕದಿಂದ ತಲೆ ಎತ್ತದೆ ಕೇಳಿದಳು, ‘ಡ್ಯಾಡಾ, ಆರ್ ವೀ ಲೀವಿಂಗ್?’

‘ಯಾರು ಹೇಳಿದ್ದು?’

‘ಯು ಆರ್ ನಾಟ್ ಮೇಕಿಂಗ್ ಜೋಕ್ಸ್.’

ಹ್ಯೂಬರ್ಟರು ಒಂದು ಜೋಕಿಗೆ ಬಾಯಿ ತೆರೆದರು, ಬರಲಿಲ್ಲ.

‘ಇಟ್ಸ್ ಓಕೆ. ಜಸ್ಟ್ ಟೆಲ್ ಮೀ ದ ಡೇಟ್’ ಎಂದಳು. ಪುಟ ತಿರುಗಿಸಿದಳು. ಆ ಪುಟವನ್ನು ಅವಳು ಓದುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ಅಳುವುದನ್ನಾದರೂ ಸಮಾಧಾನ ಮಾಡಬಹುದು, ತಾರೀಕು ಕೇಳಿದರೆ ಏನು ಮಾಡುವುದು?

ಊರಿನವರು ಫೋನಿನಲ್ಲಿ ಉಪಾಯ ಹೇಳಿದರು. ವಿಸಿಟ್ ವೀಸಾದಲ್ಲಿ ಕೂರಿಸಬಹುದು ಎಂದು ಒಬ್ಬರು, ಶಾಲೆಯವರು ಒಪ್ಪುವುದಿಲ್ಲ ಎಂದು ಇನ್ನೊಬ್ಬರು, ಪ್ರಾರ್ಥನೆ ಮಾಡಿ ಎಂದು ಮೂರನೆಯವರು. ಮೂವರಲ್ಲೂ ಖರ್ಚಿಲ್ಲದ ಸಲಹೆ ಮೂರನೆಯದು, ಹ್ಯೂಬರ್ಟರು ಅದನ್ನು ಮಾಡಿದರು.

ಮಂಗಳವಾರ ಆಳ್ವರು ಮತ್ತೆ ಕೂರಿಸಿದರು. ಟೈಪ್ ಮಾಡಿದ ಪತ್ರವೊಂದು ಸಿದ್ಧವಿತ್ತು. ಅದರಲ್ಲಿ ಎರಡೇ ಸಾಲು: ತಯಾರಕರು ಯಾರೆಂದು ಖಚಿತವಿಲ್ಲ, ಆದ್ದರಿಂದ ಸರ್ಟಿಫಿಕೇಟನ್ನು ಹಿಂತೆಗೆದುಕೊಳ್ಳಲಾಗಿದೆ.

‘ಇದಕ್ಕೆ ಸಹಿ ಹಾಕಿ ಹಾಜಿಗೆ ಕೊಟ್ಟು ಬನ್ನಿ. ಕೋವಿ ಸಂಶಯದ್ದು ಅಂತ ಆಗ್ತದೆ, ನಾವು ತಪ್ಪಿದ್ದು ಅಂತ ಆಗುವುದಿಲ್ಲ. ಮಾಲಕರನ್ನು ನಾನು ಒಪ್ಪಿಸ್ತೇನೆ. ಮಗಳ ಪರೀಕ್ಷೆ ಉಂಟಲ್ಲ ನಿಮಗೆ?’

‘ಹಾಜಿಯ ಕೋವಿ ಪ್ರದರ್ಶನಕ್ಕೆ ಹೋಗುವುದಿಲ್ಲ ಹಾಗಾದರೆ.’

‘ಹಾಜಿಗೆ ಇನ್ನೂ ಹತ್ತು ಕೋವಿ ಉಂಟು ಪೊರ್ಬುಗಳೇ. ನಿಮಗೆ ಇನ್ನೊಂದು ವೀಸಾ ಉಂಟಾ?’

ಆಳ್ವರು ಕೆಟ್ಟವರಲ್ಲ. ಆ ಪತ್ರವನ್ನು ಅವರು ತಾವೇ ಕೂತು ಟೈಪ್ ಮಾಡಿದ್ದರು, ಅದಕ್ಕಾಗಿ ಚಹಾ ಬಿಟ್ಟಿದ್ದರು. ಹ್ಯೂಬರ್ಟರು ಸಹಿ ಹಾಕಿ ಮಡಚಿ ಅಂಗಿಯ ಎಡಕಿಸೆಗೆ ಸೇರಿಸಿದರು. ಕಾಗದಕ್ಕೆ ಭಾರವಿಲ್ಲ ಎನ್ನುವವರು ಅಂಥ ಕಾಗದ ಇಟ್ಟುಕೊಂಡು ಮೆಟ್ರೋ ಹತ್ತಿರಲಿಕ್ಕಿಲ್ಲ.

ಬುಧವಾರ ರಜೆ ಹಾಕಿದರು. ಬಾಯಿಗೆ ಮಧ್ಯಾಹ್ನದ ಶಿಫ್ಟು, ಬೆಳಗ್ಗೆ ಅಡುಗೆಮನೆಯಲ್ಲಿ ಬಂಗುಡೆ ಕ್ಲೀನು ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ಕಾರ್ಡು, ಲ್ಯಾಪ್‌ಟಾಪ್, ಆರಿದ ಚಹಾ.

‘ಆ ಕಾರ್ಡು ದೊಡ್ಡದಾಗಿ ಓದಿ ನೋಡುವ’ ಎಂದರು ಬಾಯಿ ಒಳಗಿನಿಂದ.

‘ನಿನಗೆ ಎಂತಕ್ಕೆ?’

‘ಮೂರು ದಿನದಿಂದ ಆ ಜೋಸಯಾ ನಮ್ಮ ಮನೆಯಲ್ಲೇ ಇದ್ದಾನೆ. ಅವನ ಸಂಸಾರ ನನಗೂ ಗೊತ್ತಾಗಲಿ.’

ಹ್ಯೂಬರ್ಟರು ಓದಿದರು. ‘1861ರ ಜನಗಣತಿ. ಸ್ಪಾನ್ಸರ್, ಜೋಸಯಾ ಹ್ಯಾಡ್ಲೋ, ಮೂವತ್ತೊಂಬತ್ತು, ಕೋವಿ ತಯಾರಕ. ಡಿಪೆಂಡೆಂಟ್, ಹ್ಯಾರಿಯೆಟ್, ಹೆಂಡತಿ, ಮೂವತ್ತಾರು. ಮಕ್ಕಳು ನಾಲ್ಕು.’

‘ಮುಂದಿನ ವರ್ಷ ಅವನು ಹೋದ. ಅಂಗಡಿ ಎಷ್ಟು ವರ್ಷ ಇತ್ತು?’

‘ಮತ್ತೆ ಏಳು ವರ್ಷ. ನಡೆಸಿದ್ದು ಯಾರು ಅಂತಲೇ ಸಿಗುತ್ತಿಲ್ಲ. ಯಾರೋ ಭಾವ ಇರಬೇಕು, ಕೆಲಸದವ ಇರಬೇಕು…’

‘ಅವಳು ಎಲ್ಲಿ ಹೋದಳು?’

‘ಯಾರು?’

ಬಾಯಿ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಂಗುಡೆ. ‘ಯಾರಂತೆ! ಸ್ಪಾನ್ಸರ್ ಸತ್ತದ್ದಕ್ಕೆ ಅವಳ ವೀಸಾ ಕ್ಯಾನ್ಸಲ್ ಆಯ್ತಾ? ಬರ್ಮಿಂಗ್‌ಹ್ಯಾಂನಿಂದ ಮೂವತ್ತು ದಿನದಲ್ಲಿ ಓಡಿಸಿದರಾ? ನಾಲ್ಕು ಮಕ್ಕಳಿಗೆ ಗಂಜಿ ಹಾಕಿದ್ದು ಯಾರು, ನಿಮ್ಮ ಭಾವನಾ?’

ಹ್ಯೂಬರ್ಟರು ಕಾರ್ಡನ್ನು ನೋಡಿದರು. ಗೆರೆಯ ಕೆಳಗೆ ಅವರದೇ ಅಕ್ಷರದಲ್ಲಿ ಹ್ಯಾರಿಯೆಟ್. ಎಂಟು ವರ್ಷದಲ್ಲಿ ಇನ್ನೂರ ಹನ್ನೆರಡು ಕಾರ್ಡು ಬರೆದರು, ಗೆರೆಯ ಕೆಳಗಿನ ಒಂದು ಹೆಸರನ್ನೂ ಅವರು ಹುಡುಕಿದವರಲ್ಲ. ಹುಡುಕುವ ಫಾರಂನಲ್ಲಿ ಮೊದಲು ಅವರು ಒತ್ತುತ್ತಿದ್ದುದೇ ‘ಪುರುಷ’ ಎಂಬ ಚೌಕ. ಅದನ್ನು ಬಿಡಿಸಿದರು.

1871. ಹ್ಯಾರಿಯೆಟ್ ಹ್ಯಾಡ್ಲೋ, ಮನೆಯ ಯಜಮಾನಿ, ವಿಧವೆ, ನಲವತ್ತಾರು. ಕಸುಬು: ಕೋವಿ ತಯಾರಿಕೆ.

ಆಮೇಲೆ ಬೀಗ ತೆಗೆದ ಬಾಗಿಲಿನಂತೆ ಒಂದೊಂದೇ ಬಂತು. 1863ರ ಊರ ಪತ್ರಿಕೆಯಲ್ಲಿ ಒಂದು ಚಿಕ್ಕ ಜಾಹೀರಾತು: ದಿವಂಗತ ಜೋಸಯಾ ಹ್ಯಾಡ್ಲೋ ಅವರ ವಿಧವೆ ವ್ಯಾಪಾರವನ್ನು ತಾನೇ ಮುಂದುವರಿಸುತ್ತಿದ್ದು, 11ನೇ ನಂಬರಿನಿಂದ ದೊಡ್ಡದಾದ 23ನೇ ನಂಬರಿಗೆ ಬಂದಿರುವುದನ್ನು ಗಿರಾಕಿಗಳಿಗೆ ತಿಳಿಸುತ್ತಾಳೆ. 1869ರ ಸರಕಾರಿ ಗಜೆಟ್ಟಿನಲ್ಲಿ ಇನ್ನೊಂದು: ಹ್ಯಾರಿಯೆಟ್ ಹ್ಯಾಡ್ಲೋ, ವಿಧವೆ, ಮತ್ತು ಒಬ್ಬ ಪಾಲುದಾರ, ಟ್ರಿಂಡಲ್ ಬೀದಿಯ 23ರಲ್ಲಿ ಕೋವಿ ತಯಾರಕರು, ಪಾಲುದಾರಿಕೆ ಬಿಟ್ಟಿದ್ದಾರೆ.

ಗಂಡ ಸತ್ತ ಮೇಲೆ ಅಂಗಡಿ ಮುಚ್ಚಿದ್ದಲ್ಲ, ದೊಡ್ಡದು ಮಾಡಿದ್ದಳು. ಕೋವಿ ಅಸಲಿ, ಕಾಲವೂ ಸರಿ. ತಪ್ಪಿದ್ದು ಹ್ಯೂಬರ್ಟರ ಕಾಲಂ.

‘ಸಿಕ್ಕಿದಳಾ?’ ಎಂದರು ಬಾಯಿ.

‘ಸಿಕ್ಕಿದಳು.’

‘ಪಾಪ’ ಎಂದು ಬಾಯಿ ಬಂಗುಡೆಯ ಕಡೆಗೆ ಹೋದರು.

ಹ್ಯೂಬರ್ಟರು ಹೊಸ ಪತ್ರ ಬರೆದು, ದಾಖಲೆಗಳ ನಕಲು ಸೇರಿಸಿ, ಆಳ್ವರಿಗೆ ಫೋನು ಮಾಡಿದರು. ಆಳ್ವರು ಪೂರಾ ಕೇಳಿದರು.

‘ಭಾರಿ ಲಾಯ್ಕುಂಟು. ಆದರೆ ಇದನ್ನು ಕೊಡುವುದು ಬೇಡ.’

‘ಯಾಕೆ ಸರ್? ಕೋವಿ ಅಸಲಿ ಅಂತ ಆಯ್ತಲ್ಲ?’

‘ವಿಧವೆ ಮಾಡಿದ್ದು ಅಂತ ಬರೆದರೆ ನಾವು ಮೊದಲು ಕೊಟ್ಟದ್ದು ತಪ್ಪು ಅಂತಲೂ ಬರೆದ ಹಾಗೆ. ಕಂಪನಿಯ ಸೀಲಿನ ಮೇಲೆ. ನೀವು ಕೊಟ್ಟ ಕೋವಿ ಸರ್ಟಿಫಿಕೇಟು ನಲವತ್ತು ಉಂಟು. ಒಂದು ತಪ್ಪು ಅಂತ ಕೈಬರಹದಲ್ಲಿ ಒಪ್ಪಿದರೆ ನಲವತ್ತನ್ನೂ ತೆಗೆದು ನೋಡ್ತಾರೆ. ಮಾಲಕರು ನಿಮ್ಮನ್ನು ಇಡುವುದಿಲ್ಲ. ಮೊದಲಿನದ್ದೇ ಕೊಡಿ.’ ಕೊನೆಗೆ ‘ದಮ್ಮಯ್ಯ’ ಎಂದರು.

ಗುರುವಾರ ಬೆಳಗ್ಗೆ ಅಬುಧಾಬಿಯ ಬಸ್ಸಿನಲ್ಲಿ ಹ್ಯೂಬರ್ಟರ ಎಡಕಿಸೆಯಲ್ಲಿ ಆಳ್ವರ ಪತ್ರ, ಮಡಿಲಿನ ಫೈಲಿನಲ್ಲಿ ತಮ್ಮ ಪತ್ರ. ಎರಡು ಗಂಟೆಯ ದಾರಿಯಲ್ಲಿ ಕೈ ಒಂದು ಸಲ ಕಿಸೆಗೆ, ಒಂದು ಸಲ ಫೈಲಿಗೆ ಹೋಗುತ್ತಿತ್ತು. ಪಕ್ಕದ ಪಾಕಿಸ್ತಾನಿ ‘ಟಿಕೆಟು ಕಳೆಯಿತಾ ಭಾಯಿ?’ ಎಂದು ಕಾಲಡಿಯಲ್ಲಿ ಹುಡುಕಿಕೊಟ್ಟ.

ಅಲ್ ಮೀನಾದ ಮೀನು ಮಾರ್ಕೆಟ್ಟಿನ ಎದುರು ಹಾಜಿಯ ಕಾರಿತ್ತು. ಡ್ರೈವರ್ ಅಬ್ದುಲ್ ರವೂಫ್ ಉಳ್ಳಾಲದ ಬ್ಯಾರಿ, ಹಾಜಿಯ ಮನೆಯಲ್ಲಿ ಇಪ್ಪತ್ತಾರು ವರ್ಷ. ಹಾಜಿಯ ಅರಬ್ಬಿಗೂ ಹ್ಯೂಬರ್ಟರ ಕನ್ನಡಕ್ಕೂ ಅವರೇ ಸೇತುವೆ.

‘ಮೋನಿಸರೇ, ಎಂತ ಉತ್ತರ ತಂದಿದ್ದೀರಿ?’

‘ಎರಡು ತಂದಿದ್ದೇನೆ.’

‘ಒಂದೇ ಸಾಕಿತ್ತು’ ಎಂದರು ರವೂಫ್. ‘ಹಾಜಿ ಭಾನುವಾರದಿಂದ ಕೋವಿಯನ್ನು ಗೋಡೆಯಿಂದ ಇಳಿಸಿ ಇಟ್ಟಿದ್ದಾರೆ. ಬೊಬ್ಬೆ ಹೊಡೆದರೆ ನನಗೆ ಹೆದರಿಕೆ ಇಲ್ಲ. ಮಾತಾಡುವುದೇ ಇಲ್ಲ ಈಗ.’

ಬಂದವರನ್ನು ಕೂರಿಸುವ ಮಜ್ಲಿಸಿನಲ್ಲಿ ಗೋಡೆಗೆ ಹತ್ತು ಕೋವಿಗಳಿದ್ದವು, ಹನ್ನೊಂದನೆಯದರ ಮೊಳೆ ಖಾಲಿಯಿತ್ತು. ಎಂಬತ್ತು ದಾಟಿದ ಖಲ್ಫಾನ್ ಹಾಜಿ ನೆಲದ ದಿಂಬಿಗೆ ಒರಗಿ ಕೂತಿದ್ದರು, ಮೊಣಕಾಲ ಮುಂದೆ ಜೋಡುನಳಿಗೆ. ಖರ್ಜೂರ ಬಂತು, ಕಹ್ವಾ ಎಂಬ ಅರಬ್ಬಿ ಕಾಫಿ ಬಂತು. ಅಲ್ಲಿನ ಕ್ರಮದಲ್ಲಿ ಸಾಕು ಎನ್ನಲು ಕಪ್ಪನ್ನು ಅಲುಗಾಡಿಸಿದರಾಯಿತು, ಇಲ್ಲದಿದ್ದರೆ ತುಂಬಿಸುತ್ತಲೇ ಇರುತ್ತಾರೆ. ಹ್ಯೂಬರ್ಟರು ಮಡಿಲಿನ ಫೈಲು ಸರಿಪಡಿಸುವಾಗ ಕೈಯ ಕಪ್ಪು ತಾನಾಗಿ ಅಲುಗಿತು. ಕಹ್ವಾದವನು ಮೊದಲ ಗುಟುಕಿಗೇ ಕಪ್ಪು ಕಿತ್ತುಕೊಂಡು ಹೋದ.

‘ಯಾರು ಮಾಡಿದ್ದು?’ ಹಾಜಿಯ ಪ್ರಶ್ನೆ ಅಷ್ಟೇ.

ಹ್ಯೂಬರ್ಟರ ಕೈ ಎಡಕಿಸೆಗೆ ಹೋಯಿತು. ಕಾಗದದ ಅಂಚು ಬೆರಳಿಗೆ ತಾಗಿತು. ಇದನ್ನು ಕೊಟ್ಟರೆ ಕ್ಯಾರೊಲಿನ್ ಪರೀಕ್ಷೆ ಬರೆಯುತ್ತಾಳೆ, ಹಾಜಿ ಈ ಮೊಳೆಯನ್ನು ಕೀಳಿಸುತ್ತಾರೆ, ಟ್ರಿಂಡಲ್ ಬೀದಿಯ ಅಂಗಡಿಯನ್ನು ಇನ್ನು ಯಾರೂ ಕೇಳುವುದಿಲ್ಲ. ಹಾಜಿಯ ಬೆರಳು ನಳಿಗೆಗಳ ನಡುವೆ ಕೆತ್ತಿದ ಹೆಸರಿನ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು. ಓದು ಬಾರದ ಮುದುಕರು ಅಕ್ಷರಗಳನ್ನು ಬೆರಳಿನಲ್ಲೇ ಬಾಯಿಪಾಠ ಮಾಡಿದ್ದರು.

ಹ್ಯೂಬರ್ಟರು ಕಿಸೆಯಿಂದ ಬರಿಗೈ ತೆಗೆದು ಫೈಲು ಬಿಚ್ಚಿದರು.

‘ಬರ್ಮಿಂಗ್‌ಹ್ಯಾಂನ ಒಬ್ಬ ಹೆಂಗಸು ಅಂತ ಹೇಳಿ. ವಿಧವೆ. ಹೆಸರು ಹ್ಯಾರಿಯೆಟ್.’

ರವೂಫ್ ಹಾಜಿಯ ಕಡೆ ತಿರುಗದೆ ಕೇಳಿದರು. ‘ಹೆಂಗಸು ಅಂತಲೇ ಹೇಳಬೇಕಾ ಮೋನಿಸರೇ? ಅಂಗಡಿ ಅಂತ ಹೇಳಿದರೆ ಸಾಲದಾ? ಇವರ ಅಜ್ಜನ ಕೋವಿ ಇದು.’

‘ಹೆಂಗಸು ಅಂತಲೇ ಹೇಳಿ. ಮತ್ತೆ, ಮೊದಲು ಬರೆದದ್ದು ತಪ್ಪು, ತಪ್ಪು ನನ್ನದು ಅಂತಲೂ ಹೇಳಿ.’

ರವೂಫ್ ಹೇಳಿದರು. ಹಾಜಿಯ ಬೆರಳು ನಿಂತಿತು. ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯುವ ಸದ್ದು.

‘ಮಕ್ಕಳೆಷ್ಟು?’ ಎಂದರು ಹಾಜಿ.

‘ನಾಲ್ಕು.’

‘ಗಂಡ ಸತ್ತ ಮೇಲೆ ಎಷ್ಟು ವರ್ಷ?’

‘ಆ ಅಂಗಡಿಯಲ್ಲಿ ಆರು, ಏಳು. ಆಮೇಲೂ ಅದೇ ಕಸುಬು.’

ಹಾಜಿ ಬಹಳ ಹೊತ್ತು ಮಾತಾಡಿದರು. ರವೂಫ್ ನಡುವೆ ತಡೆಯಲಿಲ್ಲ, ಮುಗಿದ ಮೇಲೆ ಚಿಕ್ಕದಾಗಿ ಹೇಳಿದರು. ‘ಇವರ ಅಜ್ಜ ಇದನ್ನು ಮುಂಬಯಿಯಲ್ಲಿ ಕೊಂಡದ್ದಂತೆ. ಪ್ರತಿ ಬೇಸಿಗೆ ಗಂಡಸರೆಲ್ಲ ನಾಲ್ಕು ತಿಂಗಳು ಮುತ್ತು ತೆಗೆಯಲು ಸಮುದ್ರಕ್ಕೆ. ಕೋವಿ ದೋಣಿಗೆ ಹೋಗುತ್ತಿರಲಿಲ್ಲ. ಅಜ್ಜಿ ಅದನ್ನು ತುಂಬಿಸಿ ಬಾಗಿಲ ಹತ್ತಿರ ಇಟ್ಟು ಮಲಗುತ್ತಿದ್ದರಂತೆ. ಅಜ್ಜ ಹೆಗಲಿಗೆ ಹಾಕಿದ್ದು ಮದುವೆಗಳಿಗೆ, ಹಾರಿಸಿದ್ದು ಅಜ್ಜಿ. ಇದನ್ನು ಹಾಜಿ ಇಷ್ಟು ವರ್ಷದಲ್ಲಿ ನನಗೂ ಹೇಳಿರಲಿಲ್ಲ.’

ಹಾಜಿ ಕೋವಿಯನ್ನು ಎರಡು ಕೈಯಲ್ಲಿ ಎತ್ತಿ ರವೂಫರಿಗೆ ಕೊಟ್ಟರು. ಮೊಳೆ ತುಂಬಿತು. ಪ್ರದರ್ಶನದ ಚೀಟಿಯಲ್ಲಿ ಹೆಂಗಸಿನ ಹೆಸರೇ ಬರಬೇಕೆಂದರು. ನಿನ್ನ ಮುದೀರನಿಗೆ, ಅಂದರೆ ಮ್ಯಾನೇಜರಿಗೆ, ನಾನು ಹೇಳುತ್ತೇನೆ ಎಂದು ಆಳ್ವರಿಗೆ ಫೋನೂ ಮಾಡಿಸಿದರು. ಕಹ್ವಾದವನಿಗೆ ಏನೋ ಗದರಿದರು, ಈ ಸಲ ಕಪ್ಪು ತುಂಬಿಯೇ ಇತ್ತು.

ಆದರೆ ಮಾಲಕರ ಮುಂದೆ ಹಾಜಿಯ ಫೋನು ನಿಲ್ಲಲಿಲ್ಲ. ಹ್ಯೂಬರ್ಟರು ದುಬೈ ಮುಟ್ಟುವ ಮೊದಲೇ ಆಳ್ವರ ಕರೆ ಬಂತು. ಸ್ವರ ಬಿದ್ದುಹೋಗಿತ್ತು.

‘ನಾನು ನಿಮ್ಮನ್ನು ಕಳಿಸುವುದಲ್ಲ ಪೊರ್ಬುಗಳೇ. ನಿಮ್ಮ ಕಾಗದ ಕಳಿಸುತ್ತಾ ಉಂಟು. ಭಾನುವಾರ ಪಾಸ್‌ಪೋರ್ಟ್ ತನ್ನಿ.’

ಮನೆಯಲ್ಲಿ ಅಪೊಲೊನಿಯಾ ಬಾಯಿ ಕಾಯುತ್ತಿದ್ದರು. ಗಂಡನ ಮುಖ ನೋಡಿ, ಮೇಜಿನ ಮೇಲಿದ್ದ ಫೈಲನ್ನು ಅವರ ಕಡೆ ತಳ್ಳಿದರು. ಸಂಬಳದ ಪತ್ರ, ಮದುವೆಯ ಸರ್ಟಿಫಿಕೇಟು, ಮನೆಯ ಬಾಡಿಗೆ ಕರಾರು, ಕ್ಲಿನಿಕ್ಕಿನ ಸೀಲು. ಮೇಲಿನ ಫಾರಂನಲ್ಲಿ ಅಚ್ಚುಕಟ್ಟಾದ ನರ್ಸಿನ ಅಕ್ಷರ. ಸ್ಪಾನ್ಸರ್: ಅಪೊಲೊನಿಯಾ ಮೋನಿಸ್. ಡಿಪೆಂಡೆಂಟ್: ಹ್ಯೂಬರ್ಟ್ ಮೋನಿಸ್, ಗಂಡ. ಕ್ಯಾರೊಲಿನ್ ಮೋನಿಸ್, ಮಗಳು.

‘ಇದು ಯಾವಾಗ?’

‘ಸೋಮವಾರವೇ ಕೇಳಿದೆ. ನಾನು ನಿಮಗೆ ಅಲ್ಲಿ ಕೆಲಸ ಕೇಳುತ್ತೇನೆ ಅಂತ ಹೇಳಿದೆನಾ? ಹೆಂಗಸರು ಗಂಡನಿಗೆ ಸ್ಪಾನ್ಸರ್ ಆಗುವುದಕ್ಕೆ ವಿಶೇಷ ಅನುಮತಿ ಬೇಕಂತೆ, ನನಗೆ ಸಿಗಬಹುದು ಅಂದರು. ನಿಮ್ಮ ಸಹಿ ಒಂದು ಬಾಕಿ.’

‘ಭಾನುವಾರ ಸಂಜೆಯೇ ಯಾಕೆ ಹೇಳಲಿಲ್ಲ ನೀನು?’

‘ಹೇಳಲು ಬಿಟ್ಟಿರಾ?’

ಹ್ಯೂಬರ್ಟರು ಪೆನ್ನು ಹಿಡಿದು ಗೆರೆಯ ಕೆಳಗೆ ತಮ್ಮ ಹೆಸರನ್ನು ನೋಡುತ್ತ ಕೂತರು. ಇನ್ನೂರ ಹನ್ನೆರಡು ಮನೆಯವರನ್ನು ಅಲ್ಲಿ ಕೂರಿಸಿದ್ದರು, ಕೂತರೆ ಹೇಗಿರುತ್ತದೆಂದು ಈಗ ಗೊತ್ತಾಯಿತು. ಸಹಿ ಹಾಕಿದರು.

ಅನುಮತಿ ಸುಲಭಕ್ಕೆ ಬರಲಿಲ್ಲ. ಒಂದು ಕಾಗದ ಕಡಿಮೆ ಎಂದರು, ಒಂದರ ಭಾಷಾಂತರ ಸರಿಯಿಲ್ಲ ಎಂದರು. ಬಾಯಿ ಶಿಫ್ಟು ಬದಲಿಸಿ ಬದಲಿಸಿ ಸರತಿಯಲ್ಲಿ ನಿಂತರು, ಕ್ಯಾರೊಲಿನ್ ಓದಿದಳು, ಹ್ಯೂಬರ್ಟರು ಮೊದಲ ಸಲ ಬಂಗುಡೆ ಕ್ಲೀನು ಮಾಡಿ ಬೆರಳು ಕುಯ್ದುಕೊಂಡರು. ಫೆಬ್ರವರಿ 10ಕ್ಕೆ ಲಂಡನ್ನಿನಿಂದ ಒಂದು ಸಾಲಿನ ಈಮೇಲು ಬಂತು: ತಾವು ಸರಿ, ವಿಧವೆಯ ವಿಷಯ ನಾನೂ ನೋಡಿರಲಿಲ್ಲ. ಅದಕ್ಕೆ ಖುಷಿಪಡಲು ಮನಸ್ಸು ಬಿಡುವಾಗಿರಲಿಲ್ಲ. ಹನ್ನೆರಡು ದಿನ ಉಳಿದಿತ್ತು. ಆಮೇಲೆ ಎಂಟು. ಆಮೇಲೆ ಐದು. 18ನೇ ತಾರೀಕು ಬೆಳಗ್ಗೆ ಬಾಯಿ ಕ್ಲಿನಿಕ್ಕಿನಿಂದ ಫೋನು ಮಾಡಿ, ‘ಬಂತು’ ಎಂದಷ್ಟೇ ಹೇಳಿ ಇಟ್ಟರು. ಕುರ್ಚಿಯಲ್ಲಿ ಯಾರೋ ಬಾಯಿ ತೆರೆದು ಕೂತಿದ್ದರಂತೆ.

ಹ್ಯೂಬರ್ಟರ ಪಾಸ್‌ಪೋರ್ಟಿನ ಹೊಸ ಹಾಳೆಯಲ್ಲಿ ಕೆಲಸ ಮಾಡಲು ಅನುಮತಿ ಇಲ್ಲ ಎಂದು ಬರೆದಿದೆ. ಅದನ್ನು ಸಿಕ್ಕಿದವರಿಗೆಲ್ಲ ತೋರಿಸಿ, ‘ಸರಕಾರವೇ ಕೂತಿರು ಅಂತ ಹೇಳಿದೆ, ನಾನೆಂತ ಮಾಡಲಿ?’ ಎನ್ನುತ್ತಾರೆ. ಜೋಕು ವಾಪಸು ಬಂದದ್ದನ್ನು ಮೊದಲು ಗಮನಿಸಿದ್ದು ಮಗಳು.

ಮಾರ್ಚಿನ ಪರೀಕ್ಷೆಗಳಿಗೆ ಅವಳನ್ನು ಊದ್ ಮೇಥಾಕ್ಕೆ ಕರೆದೊಯ್ದು ಬಿಡುವುದು, ಮೂರು ಗಂಟೆ ಗೇಟಿನ ಎದುರಿನ ನೆರಳಿನಲ್ಲಿ ಕಾಯುವುದು ಅವರ ಕೆಲಸವಾಯಿತು. ಜೊತೆಗೆ ಒಂದು ಶೂ ಡಬ್ಬಿ. ಹಳದಿ ಕಾರ್ಡುಗಳನ್ನು ಒಂದೊಂದಾಗಿ ತೆಗೆದು, ಸ್ಕೇಲು ಹಿಡಿದು ನಡುವಿನ ಗೆರೆಯನ್ನು ಬಿಳಿ ಶಾಯಿಯಿಂದ ಅಳಿಸುವುದು, ಅಡಿಯಲ್ಲಿದ್ದ ಹೆಸರುಗಳನ್ನು ಫೋನಿನಲ್ಲಿ ಹುಡುಕುವುದು. ಉಳಿದ ಅಪ್ಪ ಅಮ್ಮಂದಿರು ಜಪಸರ ಎಣಿಸುತ್ತಿದ್ದರು, ಇವರು ವಿಧವೆಯರನ್ನು.

ಕೆಮಿಸ್ಟ್ರಿಯ ದಿನ ಕ್ಯಾರೊಲಿನ್ ಬೆವರಿ ಹೊರಗೆ ಬಂದಳು. ಅವರು ನೀರಿನ ಬಾಟಲಿ ಮುಂದೆ ಹಿಡಿದರು.

‘ಪೇಪರು ಹೇಗಿತ್ತು?’

‘ಈಸಿ. ಲಾಸ್ಟ್ ಕ್ವೆಶ್ಚನ್ ಮಾತ್ರ ಡೌಟ್.’ ನೀರು ಕುಡಿದು ಡಬ್ಬಿಯೊಳಗೆ ಇಣುಕಿದಳು. ‘ಹೌ ಮೆನಿ ಟುಡೇ, ಡ್ಯಾಡಾ?’

‘ಮೂವರು. ಒಬ್ಬಳು ಅತ್ತೆಯನ್ನೂ ಸಾಕಿದ್ದಾಳೆ.’